ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲ್, ಲಂಡನ್

ಲಂಡನ್ನಿನ ಯೂಸ್ಟನ್ ರಸ್ತೆಯಲ್ಲಿ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಮುಂಭಾಗವಾಗಿ ನಿಂತಿರುವ, ವಿಕ್ಟೋರಿಯ ಕಾಲದ ಗಾಥಿಕ್ ಶೈಲಿಯ ಕಟ್ಟಡ. ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ ಕಟ್ಟಿಸಿದ ಈ ಹೋಟೆಲು 1873ರಲ್ಲಿ ತೆರೆದು 1935ರಲ್ಲಿ ಮುಚ್ಚಿತು. ಆಮೇಲೆ ಸೇಂಟ್ ಪ್ಯಾಂಕ್ರಾಸ್ ಚೇಂಬರ್ಸ್ ಎಂಬ ಹೆಸರಿನಲ್ಲಿ ಸುಮಾರು ಅರ್ಧ ಶತಮಾನ ರೈಲ್ವೆ ಕಚೇರಿಯಾಗಿತ್ತು. 1967ರಲ್ಲಿ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಕೆಲವು ವರ್ಷ ಪಾಳುಬಿದ್ದಿದ್ದು, 2011ರಲ್ಲಿ ಮತ್ತೆ ಹೋಟೆಲಾಯಿತು. ನಗರದ ನಡುವಿನ ಹಳೆಯ ಹೋಟೆಲೊಂದು ಕಚೇರಿಯಾಗಿ ಮಾರ್ಪಟ್ಟಾಗ ಕಟ್ಟಡಕ್ಕೆ ಆಗುವ ಲಾಭ ನಷ್ಟಗಳನ್ನು ಅರಿಯಲು ಇದರ ಚರಿತ್ರೆ ಒಳ್ಳೆಯ ನಿದರ್ಶನ.

ಹಿನ್ನೆಲೆ

ಮಿಡ್‌ಲ್ಯಾಂಡ್ ರೈಲ್ವೆ 1844ರಲ್ಲಿ ಸ್ಥಾಪನೆಯಾದ ಕಂಪನಿ. ಇದರ ಕೇಂದ್ರ ಇಂಗ್ಲೆಂಡಿನ ನಡುನಾಡಿನ ಡರ್ಬಿ ಪಟ್ಟಣ. ಕಲ್ಲಿದ್ದಲು, ಬಿಯರು ಮತ್ತು ಕಾರ್ಖಾನೆಯ ಸರಕುಗಳ ಸಾಗಣೆ ಇದರ ಮುಖ್ಯ ಆದಾಯ. ಲಂಡನ್ನಿಗೆ ಸ್ವಂತ ದಾರಿಯಿಲ್ಲದೆ ಈ ಕಂಪನಿ ಗ್ರೇಟ್ ನಾರ್ದರ್ನ್ ರೈಲ್ವೆಯ ಹಳಿಗಳ ಮೇಲೆ ಕಿಂಗ್ಸ್ ಕ್ರಾಸ್ ನಿಲ್ದಾಣಕ್ಕೆ ಬರಬೇಕಾಗಿತ್ತು. ಹಳಿಯ ಒಡೆಯರ ಗಾಡಿಗಳಿಗೆ ಮೊದಲ ಮಣೆ. ಬಾಡಿಗೆ ಕೊಟ್ಟು ಬಂದವರ ಗಾಡಿಗಳು ದಾರಿಯಲ್ಲಿ ಕಾಯಬೇಕು. 1862ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆದಾಗ ದಟ್ಟಣೆ ಹೆಚ್ಚಿ ಈ ಕಿರಿಕಿರಿ ಮಿತಿ ಮೀರಿತು. ಮರುವರ್ಷ ಕಂಪನಿ ಬೆಡ್‌ಫರ್ಡಿನಿಂದ ಲಂಡನ್ನಿಗೆ ತನ್ನದೇ ಹಳಿ ಹಾಕಲು ಸಂಸತ್ತಿನ ಒಪ್ಪಿಗೆ ಪಡೆಯಿತು.

ನಿಲ್ದಾಣಕ್ಕೆ ಸಿಕ್ಕ ಜಾಗ ಯೂಸ್ಟನ್ ರಸ್ತೆಯ ಉತ್ತರದ ಅಂಚು. ಅಲ್ಲಿದ್ದ ಆಗರ್ ಟೌನ್ ಎಂಬ ಬಡವರ ಕೇರಿಯನ್ನು ಕೆಡವಲಾಯಿತು. ಹಳೆಯ ಸೇಂಟ್ ಪ್ಯಾಂಕ್ರಾಸ್ ಇಗರ್ಜಿಯ ಸ್ಮಶಾನದ ಒಂದು ಭಾಗವನ್ನೂ ಹಳಿಗಾಗಿ ಅಗೆಯಬೇಕಾಯಿತು. ಅಸ್ಥಿಗಳನ್ನು ಸ್ಥಳಾಂತರಿಸುವ ಕೆಲಸದ ಮೇಲ್ವಿಚಾರಣೆ ವಾಸ್ತುಶಿಲ್ಪಿ ಆರ್ಥರ್ ಬ್ಲೊಮ್‌ಫೀಲ್ಡನ ಪಾಲಿಗೆ ಬಂತು. ಆತನ ಕಚೇರಿಯಲ್ಲಿದ್ದ ಯುವಕ ಥಾಮಸ್ ಹಾರ್ಡಿ ಆ ಕೆಲಸವನ್ನು ನೋಡಿಕೊಂಡ. ಮುಂದೆ ಈತನೇ ಹೆಸರಾಂತ ಕಾದಂಬರಿಕಾರನಾದ.

ಉತ್ತರದಲ್ಲಿ ರೀಜೆಂಟ್ ಕಾಲುವೆಯನ್ನು ಹಳಿ ಮೇಲಿನಿಂದ ದಾಟಬೇಕಾಗಿದ್ದುದರಿಂದ ನಿಲ್ದಾಣದ ಪ್ಲಾಟ್‌ಫಾರ್ಮು ರಸ್ತೆಗಿಂತ ಸುಮಾರು 20 ಅಡಿ ಎತ್ತರದಲ್ಲಿ ಬಂತು. ಕೆಳಗೆ ಉಳಿದ ಜಾಗವನ್ನು ಮಣ್ಣು ತುಂಬಿ ಮುಚ್ಚದೆ, ಬರ್ಟನ್ ಊರಿನಿಂದ ಬರುವ ಬಿಯರಿನ ಉಗ್ರಾಣವಾಗಿ ಬಳಸಲು ಎಂಜಿನಿಯರ್ ವಿಲಿಯಂ ಹೆನ್ರಿ ಬಾರ್ಲೊ ಯೋಜಿಸಿದ. ನೆಲಮಾಳಿಗೆಯ ಎರಕದ ಕಬ್ಬಿಣದ ಕಂಬಗಳ ನಡುವಣ ಅಂತರವನ್ನು ಬಿಯರ್ ಪೀಪಾಯಿಗಳ ಅಳತೆಗೆ ಹೊಂದಿಸಲಾಯಿತು. ಬಾರ್ಲೊ ಮತ್ತು ರೋಲೆಂಡ್ ಮೇಸನ್ ಆರ್ಡಿಷ್ ಸೇರಿ ರೂಪಿಸಿದ ರೈಲು ಚಾವಣಿ ನಡುವೆ ಒಂದೂ ಕಂಬವಿಲ್ಲದ ಒಂದೇ ಕಮಾನು. ಅಗಲ 240 ಅಡಿ, ಎತ್ತರ 100 ಅಡಿ, ಉದ್ದ 689 ಅಡಿ. ಆ ಕಾಲಕ್ಕೆ ಜಗತ್ತಿನಲ್ಲಿ ಇಷ್ಟು ಅಗಲದ ಒಂಟಿ ಕಮಾನಿನ ಚಾವಣಿ ಬೇರೆಲ್ಲೂ ಇರಲಿಲ್ಲ. ನಿಲ್ದಾಣ 1868ರ ಅಕ್ಟೋಬರ್ 1ರಂದು ಸಂಚಾರಕ್ಕೆ ತೆರೆಯಿತು. ಆಗ ಹೋಟೆಲಿನ ಕೆಲಸ ಇನ್ನೂ ಆರಂಭದ ಹಂತದಲ್ಲಿತ್ತು.

ಸ್ಪರ್ಧೆ ಮತ್ತು ವಿನ್ಯಾಸ

ನಿಲ್ದಾಣದ ಮುಂದೆ ಹೋಟೆಲು ಕಟ್ಟಲು ಕಂಪನಿ 1865ರಲ್ಲಿ ಆಹ್ವಾನಿತ ವಾಸ್ತುಶಿಲ್ಪಿಗಳ ನಡುವೆ ಸ್ಪರ್ಧೆ ಏರ್ಪಡಿಸಿತು. ಕೇಳಿದ್ದು ಸುಮಾರು 150 ಹಾಸಿಗೆಗಳ ಹೋಟೆಲು. ಸ್ಕಾಟ್ ಕೊಟ್ಟ ನಕ್ಷೆ ಅದಕ್ಕಿಂತ ಬಹಳ ದೊಡ್ಡದು, ಬಂದವುಗಳಲ್ಲಿ ಅತಿ ದುಬಾರಿ. ಮಗನ ಕಾಯಿಲೆಯಿಂದಾಗಿ ಹೇಲಿಂಗ್ ದ್ವೀಪದ ಕಡಲತೀರದ ಹೋಟೆಲೊಂದರಲ್ಲಿ ಉಳಿಯಬೇಕಾಗಿ ಬಂದಾಗ ಸ್ಕಾಟ್ ಈ ನಕ್ಷೆಯನ್ನು ಸಿದ್ಧಪಡಿಸಿದ. ನಿಯಮ ಮೀರಿದ ಯೋಜನೆಯನ್ನೇ ನಿರ್ದೇಶಕರು 1866ರಲ್ಲಿ ಒಪ್ಪಿಕೊಂಡರು. ಲಂಡನ್ನಿಗೆ ತಡವಾಗಿ ಬಂದ ಕಂಪನಿಗೆ ಪಕ್ಕದ ಕಿಂಗ್ಸ್ ಕ್ರಾಸ್, ಅನತಿ ದೂರದ ಯೂಸ್ಟನ್ ಎರಡನ್ನೂ ಮೀರಿಸುವ ಮುಖ ಬೇಕಾಗಿತ್ತು. ಇದೇ ಕಂಪನಿ 1872ರಲ್ಲಿ ಮೂರನೇ ದರ್ಜೆಯ ಪ್ರಯಾಣಿಕರಿಗೆ ತನ್ನೆಲ್ಲ ಗಾಡಿಗಳಲ್ಲೂ ಜಾಗ ಕೊಟ್ಟಿತು, 1874ರಲ್ಲಿ ಅಮೆರಿಕದ ಪುಲ್ಮನ್ ಬೋಗಿಗಳನ್ನು ಬ್ರಿಟನ್ನಿಗೆ ತಂದಿತು, ಮರುವರ್ಷ ಎರಡನೇ ದರ್ಜೆಯನ್ನೇ ತೆಗೆದುಹಾಕಿತು. ಹೋಟೆಲಿನ ಗಾತ್ರವೂ ಇದೇ ಪೈಪೋಟಿಯ ಫಲ.

ಸ್ಕಾಟ್ (1811–1878) ಆಗ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಬೇಡಿಕೆಯಿದ್ದ ವಾಸ್ತುಶಿಲ್ಪಿ. ಇಗರ್ಜಿಗಳ ನಿರ್ಮಾಣ ಮತ್ತು ಜೀರ್ಣೋದ್ಧಾರ ಅವನ ಮುಖ್ಯ ಕಸುಬು. ಮಧ್ಯಯುಗದ ಗಾಥಿಕ್ ಶೈಲಿ ಇಗರ್ಜಿಗೆ ಮಾತ್ರ ಮೀಸಲಲ್ಲ, ಮನೆ, ಕಚೇರಿ, ಅಂಗಡಿಗಳಿಗೂ ಹೊಂದುತ್ತದೆ ಎಂಬುದು ಅವನ ವಾದ. ಲಂಡನ್ನಿನ ವಿದೇಶಾಂಗ ಕಚೇರಿಗೆ ಅವನು ಕೊಟ್ಟ ಗಾಥಿಕ್ ನಕ್ಷೆಯನ್ನು ಪ್ರಧಾನಿ ಪಾಮರ್‌ಸ್ಟನ್ ತಿರಸ್ಕರಿಸಿ ಇಟಲಿಯ ಶೈಲಿಯಲ್ಲಿ ಕಟ್ಟುವಂತೆ ಒತ್ತಾಯಿಸಿದ. ಆ ನಕ್ಷೆಯನ್ನೇ ಸ್ಕಾಟ್ ಹೋಟೆಲಿಗೆ ಬಳಸಿದ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ, ಇದು ನಿಜವಲ್ಲ. ಎರಡು ನಕ್ಷೆಗಳ ಆಕಾರ, ಅಳತೆ, ಉದ್ದೇಶ ಎಲ್ಲವೂ ಬೇರೆ. ಅಲ್ಲಿ ಸಿಗದ ಅವಕಾಶ ಇಲ್ಲಿ ಸಿಕ್ಕಿತು ಎನ್ನುವಷ್ಟು ಮಾತ್ರ ಸರಿ.

ಕಟ್ಟಡದ ಮುಂಭಾಗ ಸುಮಾರು 565 ಅಡಿ ಉದ್ದ. ಪೂರ್ವದ ತುದಿಯಲ್ಲಿ ಗಡಿಯಾರದ ಗೋಪುರ, ಪಶ್ಚಿಮದಲ್ಲಿ ಇನ್ನೊಂದು ಗೋಪುರ, ಅಲ್ಲಿಂದ ರಸ್ತೆಯ ಕಡೆಗೆ ಬಾಗಿ ಬರುವ ರೆಕ್ಕೆ. ಕುದುರೆಗಾಡಿಗಳು ನಿಲ್ದಾಣದೊಳಗೆ ಹೋಗಿಬರಲು ಎತ್ತರದ ಕಮಾನು ಬಾಗಿಲುಗಳು. ಕಡಿದಾದ ಸ್ಲೇಟು ಮಾಡು, ಸಾಲುಸಾಲು ಹೊಗೆಗೂಡು, ಚೂಪು ಕಮಾನಿನ ಕಿಟಕಿಗಳು. ಇಟಲಿ, ಫ್ರಾನ್ಸ್, ಫ್ಲಾಂಡರ್ಸ್ ಮತ್ತು ಇಂಗ್ಲೆಂಡಿನ ಮಧ್ಯಯುಗದ ಕಟ್ಟಡಗಳಿಂದ ಆಯ್ದ ಅಂಶಗಳು ಇಲ್ಲಿ ಒಟ್ಟಿಗಿವೆ. ಹೊರಗಿನ ರೂಪ ಹಳೆಯದಾದರೂ ಒಳಗಿನ ಕಟ್ಟೋಣ ಹೊಸ ಕಾಲದ್ದು. ಅಗಲದ ಹಜಾರಗಳ ಮೇಲೆ ಕಬ್ಬಿಣದ ತೊಲೆಗಳಿವೆ. ಮುಖ್ಯ ಮೆಟ್ಟಿಲಿನ ಕೆಳಗೆ ಅವುಗಳನ್ನು ಮರೆಮಾಡದೆ ಅಲಂಕರಿಸಿ ತೋರಿಸಲಾಗಿದೆ.

ನಿರ್ಮಾಣ

1866ರಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ಹಣಕಾಸು ಸಂಸ್ಥೆ ಕುಸಿದು ಮಾರುಕಟ್ಟೆಯಲ್ಲಿ ಹಣದ ಬಿಕ್ಕಟ್ಟು ತಲೆದೋರಿತು. ಕಂಪನಿ ಖರ್ಚನ್ನು ಬಿಗಿಹಿಡಿಯಿತು. ಸ್ಕಾಟನ ನಕ್ಷೆಯಿಂದ ಒಂದು ಅಂತಸ್ತು ಕಡಿತವಾಯಿತು, ಕೆಲಸ ಹಂತಹಂತವಾಗಿ ಸಾಗಿತು. ಹೋಟೆಲಿನ ಒಂದು ಭಾಗ 1873ರ ಮೇ 5ರಂದು ಅತಿಥಿಗಳಿಗೆ ತೆರೆಯಿತು. ಕಟ್ಟಡ ಪೂರ್ಣಗೊಂಡದ್ದು 1876ರಲ್ಲಿ. ಒಟ್ಟು ವೆಚ್ಚ ಸುಮಾರು 4,38,000 ಪೌಂಡ್.

ಸಾಮಗ್ರಿಯ ಆಯ್ಕೆಯಲ್ಲೂ ಕಂಪನಿಯ ವ್ಯಾಪಾರದ ಲೆಕ್ಕಾಚಾರವಿತ್ತು. ಕೆಂಪು ಇಟ್ಟಿಗೆ ನಾಟಿಂಗ್‌ಹ್ಯಾಮಿನ ಗ್ರಿಪ್ಪರ್ ಎಂಬವನ ಗೂಡುಗಳಿಂದ ಬಂತು, ಸುಣ್ಣಕಲ್ಲು ಆನ್‌ಕಾಸ್ಟರಿನಿಂದ, ಮಾಡಿನ ಸ್ಲೇಟು ಲೆಸ್ಟರ್‌ಶೈರಿನಿಂದ. ಹೆಚ್ಚಿನವು ಮಿಡ್‌ಲ್ಯಾಂಡ್ ರೈಲ್ವೆ ಓಡಾಡುವ ಸೀಮೆಯ ಸರಕುಗಳೇ. ಹೊಗೆ ಹಿಡಿದ ತಿಳಿಹಳದಿ ಇಟ್ಟಿಗೆಗಳ ಲಂಡನ್ನಿನಲ್ಲಿ ಈ ಕೆಂಪು ಗೋಡೆ ಕಂಪನಿಯ ನಾಡಿನ ಜಾಹೀರಾತಾಯಿತು. ಕಬ್ಬಿಣದ ಕುಸುರಿಯನ್ನು ಕವೆಂಟ್ರಿಯ ಫ್ರಾನ್ಸಿಸ್ ಸ್ಕಿಡ್‌ಮೋರ್, ಪೀಠೋಪಕರಣಗಳನ್ನು ಗಿಲ್ಲೊ ಸಂಸ್ಥೆ ಒದಗಿಸಿದವು.

ಒಳಾಂಗಣ ಮತ್ತು ಸೌಕರ್ಯ

ಹೋಟೆಲಿನಲ್ಲಿ ಸುಮಾರು 300 ಕೊಠಡಿಗಳಿದ್ದವು. ಕೆಳ ಅಂತಸ್ತುಗಳ ಎತ್ತರದ ಕೋಣೆಗಳಿಗೆ ಹೆಚ್ಚು ಬಾಡಿಗೆ, ಮೇಲೇರಿದಂತೆ ಕೋಣೆಯೂ ಬಾಡಿಗೆಯೂ ಚಿಕ್ಕದು. ಒಳಾಂಗಣದಲ್ಲಿ ಎದ್ದು ಕಾಣುವ ಭಾಗ ಮುಖ್ಯ ಮೆಟ್ಟಿಲು. ನಡುವಿನಿಂದ ಹೊರಟು ಎರಡಾಗಿ ಕವಲೊಡೆದು ಮೇಲೇರುವ ಇದರ ಸುತ್ತಲ ಗೋಡೆಗೆ ಕೆಂಪು ಹಿನ್ನೆಲೆಯಲ್ಲಿ ಹೊಂಬಣ್ಣದ ಹೂಮುದ್ರೆಗಳು, ತುದಿಯಲ್ಲಿ ನಕ್ಷತ್ರಗಳನ್ನು ಬರೆದ ಕಮಾನು ಚಾವಣಿ. ಬಾಗಿದ ರೆಕ್ಕೆಯ ಕೆಳ ಅಂತಸ್ತಿನಲ್ಲಿ ಕಾಫಿ ಕೋಣೆ ಎಂದು ಕರೆಯುತ್ತಿದ್ದ ಊಟದ ಹಜಾರ. ಮೊದಲ ಅಂತಸ್ತಿನ ಮುಂಬದಿಯ ದೊಡ್ಡ ಕೋಣೆ ಮುಂದೆ ಹೆಂಗಸರ ಧೂಮಪಾನದ ಕೋಣೆಯಾಯಿತು. ಹೆಂಗಸರು ನಾಲ್ವರೆದುರು ಸಿಗರೇಟು ಸೇದುವುದು ಸಲ್ಲದೆಂದು ಭಾವಿಸಿದ್ದ ಸಮಾಜದಲ್ಲಿ ಇದೊಂದು ದಿಟ್ಟ ಏರ್ಪಾಡು.

ನೀರಿನ ಒತ್ತಡದಿಂದ ಏರಿಳಿಯುವ ಲಿಫ್ಟುಗಳು ಆರಂಭದಿಂದಲೇ ಇದ್ದವು. ಕೆಲಕಾಲದ ಬಳಿಕ ವಿದ್ಯುದ್ದೀಪ ಬಂತು. 1899ರಲ್ಲಿ ತಿರುಗುಬಾಗಿಲನ್ನು ಕೂರಿಸಲಾಯಿತು. ಬ್ರಿಟನ್ನಿನಲ್ಲಿ ಇದೇ ಮೊದಲನೆಯದೆಂದು ಹೇಳಲಾಗುತ್ತದೆ. ಬೆಂಕಿ ಹಬ್ಬದಂತೆ ನೆಲಗಳನ್ನು ಕಬ್ಬಿಣ ಮತ್ತು ಕಾಂಕ್ರೀಟಿನಿಂದ ದಪ್ಪಗೆ ಕಟ್ಟಲಾಗಿತ್ತು.

ಆದರೆ ಬಚ್ಚಲುಮನೆಗಳು ಇಡೀ ಹೋಟೆಲಿಗೆ ಬೆರಳೆಣಿಕೆಯಷ್ಟು. ಅತಿಥಿಯ ಕೋಣೆಗೇ ತೊಟ್ಟಿ ತಂದಿಟ್ಟು ಆಳುಗಳು ಬಿಸಿನೀರು ಹೊತ್ತು ತುಂಬುವುದು 1870ರ ದಶಕದ ರೂಢಿ. ಪ್ರತಿ ಕೋಣೆಯ ಅಗ್ಗಿಷ್ಟಿಕೆಗೆ ಕಲ್ಲಿದ್ದಲು ಹೊತ್ತು ತರಬೇಕು, ಬೂದಿ ಹೊತ್ತೊಯ್ಯಬೇಕು. ಕೂಲಿ ಅಗ್ಗವಾಗಿದ್ದ ಕಾಲಕ್ಕೆ ಇದೆಲ್ಲ ಸರಿಯಾಗಿಯೇ ನಡೆಯಿತು.

ಸ್ಕಾಟನ ಸಮಕಾಲೀನರಲ್ಲಿ ಕೆಲವರು ರೈಲು ಹೋಟೆಲಿಗೆ ಇಂಥ ವೈಭವ ಅತಿಯಾಯಿತೆಂದು ಟೀಕಿಸಿದರು. ತನ್ನ ನೆನಪುಗಳ ಪುಸ್ತಕದಲ್ಲಿ ಸ್ಕಾಟ್ ಆ ಟೀಕೆಯನ್ನು ಎತ್ತಿಕೊಂಡು, ಕಟ್ಟಡ ಅದರ ಉದ್ದೇಶಕ್ಕೆ ಮೀರಿ ಚೆನ್ನಾಗಿದ್ದರೂ ಇರಬಹುದೆಂದು ತುಸು ಹೆಮ್ಮೆಯಿಂದಲೇ ಬರೆದುಕೊಂಡಿದ್ದಾನೆ.

ಹೋಟೆಲಿನ ಇಳಿಗಾಲ

1889ರಲ್ಲಿ ಸವಾಯ್, 1896ರಲ್ಲಿ ಸೆಸಿಲ್, 1906ರಲ್ಲಿ ರಿಟ್ಜ್ ಹೋಟೆಲುಗಳು ಲಂಡನ್ನಿನಲ್ಲಿ ತೆರೆದವು. ಕೋಣೆಗೆ ಹೊಂದಿಕೊಂಡ ಬಚ್ಚಲುಮನೆ ಸಿರಿವಂತ ಅತಿಥಿಗಳ ಸಾಮಾನ್ಯ ನಿರೀಕ್ಷೆಯಾಯಿತು. ಮಿಡ್‌ಲ್ಯಾಂಡ್ ಗ್ರ್ಯಾಂಡಿನಲ್ಲಿ ಇದನ್ನು ಒದಗಿಸುವುದು ಬಲುಕಷ್ಟ. ಬೆಂಕಿಗೆ ಹೆದರಿ ಕಟ್ಟಿದ ದಪ್ಪ ನೆಲಗಳನ್ನು ಕೊರೆದು ಕೊಳವೆ ಎಳೆಯುವುದಕ್ಕೆ ತಗಲುವ ಖರ್ಚು ವಿಪರೀತ. ಹೋಟೆಲುಗಳ ಚಟುವಟಿಕೆ ನಗರದ ಪಶ್ಚಿಮ ಭಾಗಕ್ಕೆ ಸರಿಯಿತು. ಯೂಸ್ಟನ್ ರಸ್ತೆಯ ಸುತ್ತಲ ಕೇರಿಗಳು ಹೊಗೆ, ಗದ್ದಲ, ಅಗ್ಗದ ವಸತಿಗಳಿಗೆ ಹೆಸರಾದವು.

ಮೊದಲ ಮಹಾಯುದ್ಧದಲ್ಲಿ 1918ರ ಫೆಬ್ರವರಿಯ ಒಂದು ರಾತ್ರಿ ಜರ್ಮನ್ ವಿಮಾನದ ಬಾಂಬುಗಳು ನಿಲ್ದಾಣಕ್ಕೆ ಬಿದ್ದು ಸುಮಾರು 20 ಜನ ಸತ್ತರು. 1923ರಲ್ಲಿ ಬ್ರಿಟನ್ನಿನ ನೂರಕ್ಕೂ ಹೆಚ್ಚು ರೈಲು ಕಂಪನಿಗಳನ್ನು ನಾಲ್ಕು ದೊಡ್ಡ ಕಂಪನಿಗಳಾಗಿ ಒಗ್ಗೂಡಿಸಿದಾಗ ಮಿಡ್‌ಲ್ಯಾಂಡ್ ರೈಲ್ವೆ ತನ್ನ ಹೆಸರನ್ನು ಕಳೆದುಕೊಂಡು ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆಯಲ್ಲಿ ಲೀನವಾಯಿತು. ಯೂಸ್ಟನ್ ನಿಲ್ದಾಣವೂ ಇದೇ ಕಂಪನಿಯ ಕೈಸೇರಿದ್ದರಿಂದ ಸೇಂಟ್ ಪ್ಯಾಂಕ್ರಾಸ್ ಎರಡನೆಯ ಸ್ಥಾನಕ್ಕಿಳಿಯಿತು. ಹೊಸ ಕಂಪನಿ 1933ರಲ್ಲಿ ಮೊರ್ಕಂಬ್ ಕಡಲತೀರದಲ್ಲಿ ಆಧುನಿಕ ಶೈಲಿಯ ಬಿಳಿಯ ಹೋಟೆಲು ಕಟ್ಟಿಸಿತು. ಅದೇ ಕಂಪನಿ ಎರಡು ವರ್ಷಗಳಲ್ಲಿ, 1935ರಲ್ಲಿ, ಲಂಡನ್ನಿನ ತನ್ನ ಅತಿ ದೊಡ್ಡ ಗಾಥಿಕ್ ಹೋಟೆಲನ್ನು ಮುಚ್ಚಿತು.

ಕಚೇರಿಯಾಗಿ ಅರ್ಧ ಶತಮಾನ

ಮುಚ್ಚಿದ ಕಟ್ಟಡಕ್ಕೆ ಸೇಂಟ್ ಪ್ಯಾಂಕ್ರಾಸ್ ಚೇಂಬರ್ಸ್ ಎಂದು ಹೆಸರಿಟ್ಟು ಕಂಪನಿ ತನ್ನ ಕಚೇರಿಗಳನ್ನು ಅಲ್ಲಿಗೆ ತಂದಿತು. ಹೋಟೆಲು ಮತ್ತು ಊಟೋಪಚಾರ ವಿಭಾಗದ ಆಡಳಿತವೂ ಇಲ್ಲಿಗೇ ಬಂತು. 1948ರಲ್ಲಿ ರೈಲ್ವೆಗಳು ರಾಷ್ಟ್ರೀಕರಣಗೊಂಡ ಮೇಲೂ ಈ ವ್ಯವಸ್ಥೆ ಮುಂದುವರಿಯಿತು. ಸರಕಾರಿ ಒಡೆತನದ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಹೋಟೆಲ್ಸ್ ಸಂಸ್ಥೆ ದೇಶದ ರೈಲ್ವೆ ಹೋಟೆಲುಗಳನ್ನೆಲ್ಲ ನಡೆಸಿದ್ದು, ತಾನೇ ಹೋಟೆಲಾಗಿ ನಡೆಯಲಾಗದ ಈ ಕಟ್ಟಡದಲ್ಲಿ ಕುಳಿತು.

ಹಳೆಯ ಹೋಟೆಲುಗಳು ಕಚೇರಿಯಾಗಲು ಮೇಲುನೋಟಕ್ಕೆ ತಕ್ಕವು. ಉದ್ದನೆಯ ಮೊಗಸಾಲೆ, ಎರಡು ಬದಿಗೆ ಬಾಗಿಲು, ಪ್ರತಿ ಕೋಣೆಗೂ ಕಿಟಕಿ: ಗುಮಾಸ್ತರ ಮೇಜುಗಳನ್ನು ಹಾಕಲು ಗೋಡೆ ಒಡೆಯಬೇಕಾಗಿಲ್ಲ. ಕಚೇರಿಗೆ ಕೋಣೆಗೊಂದು ಬಚ್ಚಲುಮನೆ ಬೇಡ; ಹೋಟೆಲನ್ನು ಮುಳುಗಿಸಿದ ಕೊರತೆ ಇಲ್ಲಿ ಕೊರತೆಯೇ ಅಲ್ಲ. ತೊಂದರೆ ಬರುವುದು ದೊಡ್ಡ ಹಜಾರಗಳಿಂದ. ಎತ್ತರದ ಚಾವಣಿಯ ಕೋಣೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ದುಬಾರಿ, ಚಿತ್ತಾರದ ಗೋಡೆಗಳ ನಡುವೆ ಕಡತದ ಕಪಾಟು ಇಡುವುದಕ್ಕೆ ಜಾಗ ಸಾಲದು. ಸೇಂಟ್ ಪ್ಯಾಂಕ್ರಾಸಿನಲ್ಲೂ ದೊಡ್ಡ ಕೋಣೆಗಳಿಗೆ ಅಡ್ಡಗೋಡೆಗಳು ಬಂದವು, ಅಲಂಕೃತ ಚಾವಣಿಗಳು ಹುಸಿಚಾವಣಿಯ ಮರೆಗೆ ಸರಿದವು, ಬಣ್ಣದ ಚಿತ್ತಾರಗಳ ಮೇಲೆ ಸಾದಾ ಬಣ್ಣ ಬಳಿಯಲಾಯಿತು, ಟ್ಯೂಬ್‌ಲೈಟುಗಳು ತೂಗಿದವು. ಹೊರಗೋಡೆ ಹೊಗೆಯಿಂದ ಕಪ್ಪಾಯಿತು.

ಈ ಕಾಲದ ಅಸಡ್ಡೆಗೆ ನಿಲ್ದಾಣದೊಳಗಿನ ದೊಡ್ಡ ಗಡಿಯಾರದ ಕಥೆ ಒಳ್ಳೆಯ ಉದಾಹರಣೆ. 1970ರ ದಶಕದಲ್ಲಿ ಅದನ್ನು ಅಮೆರಿಕದ ಸಂಗ್ರಾಹಕನೊಬ್ಬನಿಗೆ ಮಾರಲಾಯಿತು. ಕೆಳಗಿಳಿಸುವಾಗ ಅದು ಬಿದ್ದು ಚೂರುಚೂರಾಯಿತು. ಗುಜರಿಗೆ ಹೋಗಬೇಕಾಗಿದ್ದ ಚೂರುಗಳನ್ನು ರೈಲ್ವೆ ನೌಕರನೊಬ್ಬ ಕೊಂಡು ಊರಿಗೆ ಸಾಗಿಸಿ ತನ್ನ ಕೊಟ್ಟಿಗೆಯ ಗೋಡೆಯ ಮೇಲೆ ಮರಳಿ ಜೋಡಿಸಿದ. ಈಗ ನಿಲ್ದಾಣದಲ್ಲಿ ಇರುವುದು ಆಮೇಲೆ ಮಾಡಿಸಿದ ಪ್ರತಿಕೃತಿ.

ಹಾಗಿದ್ದರೂ ಈ ಐವತ್ತು ವರ್ಷಗಳ ನಷ್ಟದ ಪಟ್ಟಿ ಅಂದುಕೊಂಡದ್ದಕ್ಕಿಂತ ಚಿಕ್ಕದು. ಕಚೇರಿಗೆ ಬೇಕಾದ ಬದಲಾವಣೆಗಳು ಹೆಚ್ಚಾಗಿ ಮೇಲುಹೊದಿಕೆಯವು: ಹಲಗೆ, ಬಣ್ಣ, ಲಿನೋಲಿಯಂ. ಅವುಗಳ ಕೆಳಗೆ ಮೂಲ ಗಾರೆ, ಕಲ್ಲು, ಕಬ್ಬಿಣ ಉಳಿದಿದ್ದವು. ಮುಖ್ಯ ಮೆಟ್ಟಿಲಿಗೆ ಯಾರೂ ಕೈ ಹಚ್ಚಲಿಲ್ಲ. 1930ರ ದಶಕದಲ್ಲಿ ಹಣ ಸುರಿದು ಹೋಟೆಲನ್ನು ಆಧುನಿಕಗೊಳಿಸಿದ್ದರೆ ಸ್ಕಾಟನ ಒಳಾಂಗಣ ಬಹುಪಾಲು ನಾಶವಾಗುತ್ತಿತ್ತು. ರೈಲ್ವೆಯ ಜಿಪುಣತನ ಅದನ್ನು ಕಾಪಾಡಿತು.

ಉಳಿಸುವ ಹೋರಾಟ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವಿಕ್ಟೋರಿಯ ಕಾಲದ ಕಟ್ಟಡಗಳೆಂದರೆ ಅಭಿರುಚಿಯುಳ್ಳವರು ಮೂಗು ಮುರಿಯುತ್ತಿದ್ದರು. ಆ ಕಾಲದ ಪರಂಪರೆಯನ್ನು ಎತ್ತಿಹಿಡಿಯಲು 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಹುಟ್ಟಿತು. ಅದರ ಮೊದಲ ದೊಡ್ಡ ಸೋಲು ಸೇಂಟ್ ಪ್ಯಾಂಕ್ರಾಸಿನಿಂದ ಕೂಗಳತೆಯ ದೂರದಲ್ಲೇ ಆಯಿತು. ಯೂಸ್ಟನ್ ನಿಲ್ದಾಣದ ಹೆಬ್ಬಾಗಿಲಾಗಿದ್ದ, 1837ರಲ್ಲಿ ಫಿಲಿಪ್ ಹಾರ್ಡ್‌ವಿಕ್ ಕಟ್ಟಿದ ಕಲ್ಲಿನ ಯೂಸ್ಟನ್ ಕಮಾನನ್ನು 1961–62ರಲ್ಲಿ ಪ್ರತಿಭಟನೆಗಳ ನಡುವೆಯೇ ಕೆಡವಲಾಯಿತು.

1966ರಲ್ಲಿ ಬ್ರಿಟಿಷ್ ರೈಲ್ ಸಂಸ್ಥೆ ಕಿಂಗ್ಸ್ ಕ್ರಾಸ್ ಮತ್ತು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಗಳನ್ನು ಒಂದುಗೂಡಿಸುವ ಯೋಜನೆಯನ್ನು ಮುಂದಿಟ್ಟಿತು. ಅದು ಜಾರಿಯಾಗಿದ್ದರೆ ಸೇಂಟ್ ಪ್ಯಾಂಕ್ರಾಸ್ ಬೇಕಿಲ್ಲದ ಕಟ್ಟಡವಾಗುತ್ತಿತ್ತು. ಈ ಸಲ ಸೊಸೈಟಿ ಮೊದಲೇ ಎಚ್ಚೆತ್ತಿತ್ತು. ಅದರ ಅಧ್ಯಕ್ಷ, ಕಲಾ ಇತಿಹಾಸಕಾರ ನಿಕೊಲಸ್ ಪೆವ್ಸ್‌ನರ್ ತಜ್ಞರ ಮಟ್ಟದಲ್ಲಿ ವಾದ ಮಂಡಿಸಿದರು. ಕವಿ ಜಾನ್ ಬೆಟ್ಜಮನ್ ಪತ್ರಿಕೆಗಳ ಮೂಲಕ, ದೂರದರ್ಶನದ ಮೂಲಕ ಜನರನ್ನು ತಲುಪಿದರು. ಸೊಸೈಟಿಯ ಕಾರ್ಯದರ್ಶಿ ಜೇನ್ ಫಾಸೆಟ್ ಅಧಿಕಾರಿಗಳ ಬೆನ್ನು ಬಿಡಲಿಲ್ಲ. 1967ರ ನವೆಂಬರಿನಲ್ಲಿ ಸರಕಾರ ನಿಲ್ದಾಣವನ್ನೂ ಹೋಟೆಲನ್ನೂ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡಗಳೆಂದು ಘೋಷಿಸಿತು. ಬ್ರಿಟನ್ನಿನ ಸಂರಕ್ಷಣಾ ಕಾನೂನಿನಲ್ಲಿ ಇದಕ್ಕಿಂತ ಮೇಲಿನ ದರ್ಜೆ ಇಲ್ಲ. ಒಗ್ಗೂಡಿಸುವ ಯೋಜನೆ ಬಿದ್ದುಹೋಯಿತು. ಬೆಟ್ಜಮನ್ ನೆನಪಿಗೆ ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್ ಮಾಡಿದ ಕಂಚಿನ ಪ್ರತಿಮೆ 2007ರಿಂದ ನಿಲ್ದಾಣದೊಳಗಿದೆ.

ಖಾಲಿ ವರ್ಷಗಳು

ಸಂರಕ್ಷಿತ ಪಟ್ಟಿಗೆ ಸೇರಿದರೆ ಕಟ್ಟಡವನ್ನು ಕೆಡವುವಂತಿಲ್ಲ ಅಷ್ಟೆ. ದುರಸ್ತಿಗೆ ಹಣ ತಾನಾಗಿ ಬರುವುದಿಲ್ಲ. ಹೊಸ ಅಗ್ನಿಸುರಕ್ಷತಾ ನಿಯಮಗಳ ಪ್ರಕಾರ ಕಟ್ಟಡಕ್ಕೆ ಪ್ರಮಾಣಪತ್ರ ಸಿಗದೆ 1980ರ ದಶಕದ ಮಧ್ಯದಲ್ಲಿ ಕಚೇರಿಗಳು ತೆರವಾದವು. ಬೆಂಕಿಗೆ ಜಗ್ಗದ ಕಟ್ಟಡವೆಂದು ಹೆಸರಾಗಿದ್ದುದು ಬೆಂಕಿಯ ನಿಯಮದಿಂದಲೇ ಮುಚ್ಚಿತು. ನೆಲ ಬೆಂಕಿಯನ್ನು ತಡೆದರೆ ಸಾಲದು, ಒಳಗಿದ್ದವರು ಹೊಗೆಯಿಲ್ಲದ ದಾರಿಯಿಂದ ಹೊರಬರುವಂತಿರಬೇಕು ಎಂಬುದು ಇಂದಿನ ಸುರಕ್ಷತೆಯ ತಿರುಳು.

ಬಳಕೆ ನಿಂತ ಮೇಲೆ ಕಟ್ಟಡ ಬೇಗ ಹದಗೆಟ್ಟಿತು. ಮಾಡು ಸೋರಿ ಚಾವಣಿಯ ಗಾರೆ ಉದುರಿತು. 1990ರ ದಶಕದ ಆರಂಭದಲ್ಲಿ ಸುಮಾರು 1 ಕೋಟಿ ಪೌಂಡ್ ವೆಚ್ಚದಲ್ಲಿ ಮಾಡು ಮತ್ತು ಹೊರಗೋಡೆಗಳನ್ನು ದುರಸ್ತಿಮಾಡಲಾಯಿತು. ಒಳಭಾಗ ಹಾಗೆಯೇ ಉಳಿಯಿತು. ಚಿತ್ರೀಕರಣದವರು ಮಾತ್ರ ಬಂದು ಹೋಗುತ್ತಿದ್ದರು. 1995ರ ‘ರಿಚರ್ಡ್ ದಿ ಥರ್ಡ್’ ಚಿತ್ರದಲ್ಲಿ ಇದು ಅರಮನೆಯಾಯಿತು. 1996ರಲ್ಲಿ ಸ್ಪೈಸ್ ಗರ್ಲ್ಸ್ ತಂಡದ ಮೊದಲ ಹಾಡಿನ ವಿಡಿಯೊ ಇದರ ಮುಖ್ಯ ಮೆಟ್ಟಿಲಿನ ಮೇಲೆ ಚಿತ್ರೀಕರಣಗೊಂಡಿತು. 2002ರ ಹ್ಯಾರಿ ಪಾಟರ್ ಚಿತ್ರದಲ್ಲಿ ಕಿಂಗ್ಸ್ ಕ್ರಾಸ್ ನಿಲ್ದಾಣವೆಂದು ತೋರಿಸಿದ ಹೊರನೋಟವೂ ಇದರದೇ.

ಮತ್ತೆ ಹೋಟೆಲು

ಕಟ್ಟಡದ ದೆಸೆ ತಿರುಗಿಸಿದ್ದು ಮತ್ತೊಮ್ಮೆ ರೈಲೇ. 1994ರಲ್ಲಿ ಇಂಗ್ಲಿಷ್ ಕಾಲುವೆಯ ಸುರಂಗ ತೆರೆದ ಮೇಲೆ ಲಂಡನ್ನಿನಿಂದ ಪ್ಯಾರಿಸ್ ಹಾಗೂ ಬ್ರಸೆಲ್ಸಿಗೆ ನೇರ ರೈಲುಗಳು ಓಡತೊಡಗಿದವು. ಅವು ಮೊದಲು ವಾಟರ್ಲೂ ನಿಲ್ದಾಣದಿಂದ ಹೊರಡುತ್ತಿದ್ದವು. ಹೊಸ ವೇಗದ ಹಳಿಯ ಕೊನೆಯ ನಿಲ್ದಾಣವಾಗಿ ಸೇಂಟ್ ಪ್ಯಾಂಕ್ರಾಸನ್ನು ಆರಿಸಲಾಯಿತು. ಬಾರ್ಲೊನ ಚಾವಣಿಯನ್ನು ದುರಸ್ತಿಮಾಡಿ, ಪ್ಲಾಟ್‌ಫಾರ್ಮುಗಳನ್ನು ಉತ್ತರಕ್ಕೆ ಉದ್ದಗೊಳಿಸಿ, ಬಿಯರಿನ ಉಗ್ರಾಣವನ್ನು ಅಂಗಡಿ ಸಾಲಾಗಿಯೂ ಪ್ರಯಾಣಿಕರ ಹಜಾರವಾಗಿಯೂ ತೆರೆಯಲಾಯಿತು. 2007ರ ನವೆಂಬರ್ 6ರಂದು ರಾಣಿ ಎರಡನೇ ಎಲಿಜಬೆತ್ ನಿಲ್ದಾಣವನ್ನು ಉದ್ಘಾಟಿಸಿದರು; 14ರಿಂದ ಯೂರೋಸ್ಟಾರ್ ರೈಲುಗಳು ಇಲ್ಲಿಂದ ಹೊರಟವು.

ಮುಂದೆ ನಿಂತ ಪಾಳು ಕಟ್ಟಡಕ್ಕೆ ಈಗ ಗಿರಾಕಿ ಸಿಕ್ಕಿತು. ಮ್ಯಾನ್‌ಹ್ಯಾಟನ್ ಲಾಫ್ಟ್ ಕಾರ್ಪೊರೇಷನ್ ಇದರ ಮರುನಿರ್ಮಾಣದ ಹೊಣೆ ಹೊತ್ತಿತು. ಹೋಟೆಲನ್ನು ನಡೆಸಲು ಮ್ಯಾರಿಯಟ್ ಸಂಸ್ಥೆ ಬಂತು. ಆರ್.ಎಚ್.ಡಬ್ಲ್ಯು.ಎಲ್. ಮತ್ತು ರಿಚರ್ಡ್ ಗ್ರಿಫಿತ್ಸ್ ಸಂಸ್ಥೆಗಳ ವಾಸ್ತುಶಿಲ್ಪಿಗಳು ಕೆಲಸ ನೋಡಿಕೊಂಡರು. ಹಳೆಯ ಕಟ್ಟಡದಲ್ಲಿ ಆಧುನಿಕ ಹೋಟೆಲಿಗೆ ಸಾಕಾಗುವಷ್ಟು ಕೋಣೆ ಮಾಡಹೊರಟರೆ ಒಳಾಂಗಣ ಕೆಡುತ್ತದೆ. ಮಾಡದಿದ್ದರೆ ಲೆಕ್ಕ ಸರಿಹೊಂದುವುದಿಲ್ಲ. ಇದಕ್ಕೆ ಕಂಡುಕೊಂಡ ದಾರಿ ಮೂರು ಪಾಲಿನದು. ಹಳೆಯ ಕಟ್ಟಡದ ಕೆಳ ಅಂತಸ್ತುಗಳಲ್ಲಿ 38 ದೊಡ್ಡ ಸ್ವೀಟುಗಳು. ಪಶ್ಚಿಮದಲ್ಲಿ ಸ್ಕಾಟನ ಶೈಲಿಗೆ ಹೊಂದುವ ಇಟ್ಟಿಗೆಯಿಂದ ಕಟ್ಟಿದ ಹೊಸ ರೆಕ್ಕೆಯಲ್ಲಿ ಉಳಿದ ಕೋಣೆಗಳು, ಒಟ್ಟು 245. ಹಳೆಯ ಕಟ್ಟಡದ ಮೇಲಿನ ಅಂತಸ್ತುಗಳಲ್ಲಿ ಮಾರಾಟಕ್ಕೆ 67 ಫ್ಲಾಟುಗಳು. ಫ್ಲಾಟುಗಳ ಹಣ ಹೋಟೆಲಿನ ದುರಸ್ತಿಗೆ ಆಸರೆಯಾಯಿತು.

ಪದರ ಪದರವಾಗಿ ಬಣ್ಣ ಕೆರೆದು ಪರೀಕ್ಷಿಸಿ ಮೆಟ್ಟಿಲ ಗೋಡೆಯ ಚಿತ್ತಾರವನ್ನು ಮರಳಿ ಬರೆಯಲಾಯಿತು. ಕಾಫಿ ಕೋಣೆ ಊಟದ ಮನೆಯಾಯಿತು, ನಿಲ್ದಾಣದ ಹಳೆಯ ಟಿಕೆಟ್ ಕಚೇರಿ ಬಾರ್ ಆಯಿತು, ಕುದುರೆಗಾಡಿಗಳ ಹಾದಿಗೆ ಗಾಜಿನ ಮಾಡು ಬಂದು ಹೋಟೆಲಿನ ಮೊಗಸಾಲೆಯಾಯಿತು. ಸೇಂಟ್ ಪ್ಯಾಂಕ್ರಾಸ್ ರೆನೆಸಾನ್ಸ್ ಎಂಬ ಹೆಸರಿನ ಹೊಸ ಹೋಟೆಲು 2011ರ ಮಾರ್ಚಿನಲ್ಲಿ ಅತಿಥಿಗಳಿಗೆ ಬಾಗಿಲು ತೆರೆಯಿತು. ವಿಧ್ಯುಕ್ತ ಉದ್ಘಾಟನೆಯನ್ನು ಮೇ 5ಕ್ಕೆ ಇಟ್ಟುಕೊಳ್ಳಲಾಯಿತು. ಮೂಲ ಹೋಟೆಲು ತೆರೆದು ಅಂದಿಗೆ ಸರಿಯಾಗಿ 138 ವರ್ಷ.

ಇದೇ ಹಾದಿಯ ಇತರ ಹೋಟೆಲುಗಳು

ಲಂಡನ್ನಿನ ಹಲವು ದೊಡ್ಡ ಹೋಟೆಲುಗಳು ಇದೇ ಹಾದಿ ತುಳಿದಿವೆ. ಪೋರ್ಟ್‌ಲೆಂಡ್ ಪ್ಲೇಸಿನ ಲ್ಯಾಂಗಂ ಹೋಟೆಲು 1865ರಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿದ ಮೇಲೆ ಬಿ.ಬಿ.ಸಿ. ಅದನ್ನು ಕಚೇರಿ, ಗ್ರಂಥಾಲಯಗಳಿಗೆ ಬಳಸಿಕೊಂಡಿತು. 1991ರಲ್ಲಿ ಮತ್ತೆ ಹೋಟೆಲಾಯಿತು. ಮೆರಿಲಬೋನ್ ನಿಲ್ದಾಣದ ಎದುರಿನ ಗ್ರೇಟ್ ಸೆಂಟ್ರಲ್ ಹೋಟೆಲು (1899) ಎರಡನೆಯ ಮಹಾಯುದ್ಧದ ಬಳಿಕ ಬ್ರಿಟಿಷ್ ರೈಲ್ವೆಯ ಪ್ರಧಾನ ಕಚೇರಿಯಾಗಿದ್ದು 1993ರಲ್ಲಿ ಹೋಟೆಲಿನ ರೂಪಕ್ಕೆ ಮರಳಿತು. ನಾರ್ಥಂಬರ್ಲೆಂಡ್ ಅವೆನ್ಯೂವಿನ ಮೆಟ್ರೊಪೋಲ್ (1885) ಎರಡು ಯುದ್ಧಗಳಲ್ಲೂ ಸರಕಾರದ ವಶವಾಗಿ, ದೀರ್ಘಕಾಲ ಸರಕಾರಿ ಕಚೇರಿಯಾಗಿದ್ದು, 2011ರಲ್ಲಿ ಕೊರಿಂಥಿಯ ಹೋಟೆಲಾಗಿ ತೆರೆಯಿತು. ಸ್ಟ್ರ್ಯಾಂಡಿನ ಸೆಸಿಲ್ ಹೋಟೆಲಿಗೆ ಈ ಅದೃಷ್ಟವಿರಲಿಲ್ಲ. 1918ರಲ್ಲಿ ಬ್ರಿಟಿಷ್ ವಾಯುಪಡೆಯ ಮೊದಲ ಪ್ರಧಾನ ಕಚೇರಿ ಅದರಲ್ಲಿತ್ತು. 1930ರಲ್ಲಿ ಅದರ ಹೆಚ್ಚಿನ ಭಾಗವನ್ನು ಕೆಡವಿ ಶೆಲ್ ಮೆಕ್ಸ್ ಹೌಸ್ ಎಂಬ ಕಚೇರಿ ಕಟ್ಟಡ ಎಬ್ಬಿಸಲಾಯಿತು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1911ರಲ್ಲಿ ತೆರೆದ ಹೋಟೆಲ್ ಯೂಟಾ 1987ರಲ್ಲಿ ಮುಚ್ಚಿ, 1993ರಲ್ಲಿ ಮಾರ್ಮನ್ ಪಂಥದ ಕಚೇರಿಗಳೂ ಸಭಾಂಗಣಗಳೂ ಇರುವ ಜೋಸೆಫ್ ಸ್ಮಿತ್ ಸ್ಮಾರಕ ಭವನವಾಗಿ ತೆರೆಯಿತು. ಅಲ್ಲಿ ಹೋಟೆಲು ಮರಳಲಿಲ್ಲ.

ಭಾರತದ ನಂಟು

ಈ ಕಟ್ಟಡದ ಬಂಧುಬಳಗ ಮುಂಬಯಿಯಲ್ಲಿದೆ. ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ, ಗ್ರಂಥಾಲಯ ಮತ್ತು ರಾಜಾಬಾಯಿ ಗೋಪುರಗಳನ್ನು ವಿನ್ಯಾಸಗೊಳಿಸಿದವನು ಸ್ಕಾಟನೇ. ಅವನು ಭಾರತಕ್ಕೆ ಬಂದವನಲ್ಲ. ಲಂಡನ್ನಿನಿಂದ ನಕ್ಷೆ ಕಳಿಸಿದ. ಮಿಡ್‌ಲ್ಯಾಂಡ್ ಗ್ರ್ಯಾಂಡ್ ಏಳುತ್ತಿದ್ದ ಹೊತ್ತಿಗೇ ಅವೂ ಏಳುತ್ತಿದ್ದವು, ಗೋಪುರ 1878ರಲ್ಲಿ ಪೂರ್ಣಗೊಂಡಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಸೀಮೆಯ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯ ರೂಪುಗೊಳ್ಳುವವರೆಗೆ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ಭಾಗದ ಹಳೆಯ ತಲೆಮಾರಿನ ಪದವೀಧರರ ವಿಶ್ವವಿದ್ಯಾಲಯದ ಮುಖ ಸ್ಕಾಟನ ಗಾಥಿಕ್ ಮುಖವೇ. ಎಫ್. ಡಬ್ಲ್ಯು. ಸ್ಟೀವನ್ಸ್ ಕಟ್ಟಿದ ವಿಕ್ಟೋರಿಯ ಟರ್ಮಿನಸ್, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಸೇಂಟ್ ಪ್ಯಾಂಕ್ರಾಸಿನೊಂದಿಗೆ ಮೇಲಿಂದ ಮೇಲೆ ಹೋಲಿಕೆಗೆ ಒಳಗಾಗುವ ನಿಲ್ದಾಣ.

ಇನ್ನೂ ಹತ್ತಿರದ ನಂಟು ಬಾರ್ಲೊನೊಂದಿಗೆ ರೈಲು ಚಾವಣಿ ರೂಪಿಸಿದ ಆರ್ಡಿಷನದು. ಮುಂಬಯಿಯ ಕಾಲಾ ಘೋಡಾದಲ್ಲಿರುವ ವಾಟ್ಸನ್ ಹೋಟೆಲಿನ ಎರಕದ ಕಬ್ಬಿಣದ ಚೌಕಟ್ಟನ್ನು ರೂಪಿಸಿದವನು ಈತ. ಇಂಗ್ಲೆಂಡಿನಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದು 1860ರ ದಶಕದ ಕೊನೆಯಲ್ಲಿ ಜೋಡಿಸಿದ ಈ ಹೋಟೆಲಿನಲ್ಲಿ ಮಾರ್ಕ್ ಟ್ವೇನ್ ತಂಗಿದ್ದ. 1896ರ ಜುಲೈ 7ರಂದು ಲೂಮಿಯೆ ಸೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ಇಲ್ಲಿ ತೆರೆ ಕಂಡವು. ಅದೂ ಹೋಟೆಲಾಗಿ ಬಾಳಲಾರದೆ ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಿನಲ್ಲಿ ವಕೀಲರ ಕಚೇರಿಗಳು, ಅಂಗಡಿಗಳು, ಬಾಡಿಗೆ ಮನೆಗಳಾಗಿ ಹರಿದು ಹಂಚಿಹೋಯಿತು. 2005ರಲ್ಲಿ ಅದರ ಒಂದು ಭಾಗ ಕುಸಿಯಿತು. 2019ರಲ್ಲಿ ಅಪಾಯಕಾರಿ ಎಂಬ ಕಾರಣಕ್ಕೆ ಬಾಡಿಗೆದಾರರನ್ನು ತೆರವುಗೊಳಿಸಲಾಯಿತು.

ಸೇಂಟ್ ಪ್ಯಾಂಕ್ರಾಸಿನ ಪಕ್ಕದ ನಿವೇಶನದಲ್ಲಿ 1990ರ ದಶಕದ ಕೊನೆಗೆ ತೆರೆದ ಬ್ರಿಟಿಷ್ ಲೈಬ್ರರಿಯ ಕೆಂಪು ಇಟ್ಟಿಗೆಯನ್ನು ವಾಸ್ತುಶಿಲ್ಪಿ ಕಾಲಿನ್ ಸೇಂಟ್ ಜಾನ್ ವಿಲ್ಸನ್ ಈ ನೆರೆಯ ಕಟ್ಟಡವನ್ನು ಗಮನದಲ್ಲಿಟ್ಟೇ ಆರಿಸಿದ. ಇಂಡಿಯಾ ಆಫೀಸಿನ ದಾಖಲೆಗಳೂ ಹಿಂದೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಕನ್ನಡ ಮುದ್ರಿತ ಪುಸ್ತಕಗಳೂ ಅಲ್ಲಿವೆ.

ಮಹತ್ವ

ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲಾಗಿ ಮೊದಲ ಸಲ ನಡೆದದ್ದು 62 ವರ್ಷ. ಕಚೇರಿಯಾಗಿದ್ದುದು ಸುಮಾರು 50 ವರ್ಷ. ಆ ಐವತ್ತು ವರ್ಷಗಳನ್ನು ಅವನತಿಯ ಕಾಲವೆಂದು ಬರೆಯುವುದು ರೂಢಿಯಾದರೂ ಕಟ್ಟಡದ ಉಳಿವಿಗೆ ಅವೇ ಮೂಲ. ಜನ ಓಡಾಡುತ್ತಿದ್ದರು, ಮಾಡು ಸೋರಿದರೆ ಯಾರಾದರೂ ನೋಡುತ್ತಿದ್ದರು, ಒಡೆಯನಿಗೆ ಒಂದಿಷ್ಟು ಉಪಯೋಗವಿತ್ತು. ಕಚೇರಿಯಾಗಿದ್ದಾಗ ಐವತ್ತು ವರ್ಷಗಳಲ್ಲಿ ಆಗದ ಹಾನಿ ಖಾಲಿ ಬಿದ್ದ ಕೆಲವೇ ವರ್ಷಗಳಲ್ಲಿ ಆಯಿತು. ಅದೇ ಕಾಲದ ವಾಟ್ಸನ್ ಹೋಟೆಲೂ ಇದೂ ಬೇರೆಯಾಗುವುದು ಇಲ್ಲಿ: ಲಂಡನ್ನಿನಲ್ಲಿ ಒಡೆತನ ಒಂದೇ ಸಂಸ್ಥೆಯದು, ಕಾನೂನಿನ ರಕ್ಷಣೆ ಸಕಾಲಕ್ಕೆ ಬಂತು, ಬಂಡವಾಳಕ್ಕೆ ರೈಲು ದಾರಿಮಾಡಿತು, ಮುಂಬಯಿಯಲ್ಲಿ ಕಟ್ಟಡ ನೂರಾರು ತುಂಡು ಬಾಡಿಗೆಗಳಾಗಿ ಒಡೆದು, ದುರಸ್ತಿಯ ಹೊಣೆ ಯಾರದೂ ಆಗದೆ ಉಳಿಯಿತು. ಹಳೆಯ ಹೋಟೆಲು ಕಚೇರಿಯಾಗುವುದರಿಂದ ಹಾಳಾಗುವುದಿಲ್ಲ. ಹೊಣೆ ಹೊರುವ ಒಡೆಯನಿಲ್ಲದಾಗ ಹಾಳಾಗುತ್ತದೆ.